ಶೀಲಾ ಗೌಡರ ಕಲೆ: ಹೆಂಡಿ, ಕೂದಲು, ಡಾಂಬರ್ ಡ್ರಮ್ಮು

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರಸೊತ್ತು ಮಾಡಕೊಂಡು ಓದ್ರಿ.

ನಮ್ಮ ದೇವರಗುಡ್ಡದ ಜಾತ್ರೆಗೆ ಬರೋ ಲಾರಿ, ಟೆಂಪೋಗಳಿಗೆ ದೃಷ್ಟಿ ಆಗಬಾರದು ಅಂತ ಕರೀ ಹುರಿ ಕಟ್ಟಿರೋದನ್ನ ನೋಡೀರಿ. ಬೆಂಗಳೂರು ಕಡೆ ಇದಕ್ಕೆ ಮನುಷ್ಯರ ಕೂದಲಿನ ಹಗ್ಗವನ್ನೇ ಬಂಪರಿಗೆ ಸುತ್ತುತ್ತಾರೆ. ಗುಡಿಗಳಲ್ಲಿ ಕೊಟ್ಟ ಮುಡಿಯ ಕೂದಲು. ಆ ಹಗ್ಗ, ಆ ಬಂಪರು 2009ರಲ್ಲಿ ಇಟಲಿಯ ವೆನಿಸ್ ಬಿನಾಲೆಗೆ ಹೋದವು. ಒಯ್ದವರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಸುಮಾರು 4 ಕಿಲೋಮೀಟರ್ ಕೂದಲ ಹಗ್ಗದಲ್ಲಿ ಉಕ್ಕಿನ ಬಂಪರುಗಳನ್ನ ಕಟ್ಟಿ ತೂಗುಹಾಕಿದ ಆ ಕೃತಿಯ ಹೆಸರು 'ಬಿಹೋಲ್ಡ್'. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲೈತಿ.

ಮೊದಲು ಅವರು ಬಣ್ಣ ಕುಂಚದ ಕಲಾವಿದೆ. ಆರ್.ಎಂ. ಹಡಪದ ಅವರ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅವರ ದಾರಿ ಬದಲಾದದ್ದು ಬಾಬ್ರಿ ಮಸೀದಿ ಕೆಡವಿದ ಮೇಲೆ, ಮುಂಬೈ ಗಲಭೆಯ ಆ ದಿನಗಳಲ್ಲಿ. (ಕೆಡವಲಿಕ್ಕೆ ಆರಿಸಿಕೊಂಡ ದಿನ ಡಿಸೆಂಬರ್ 6, ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಇದನ್ನ ನಾವು ಮರೆಯೋ ಹಂಗಿಲ್ಲ.) ಆ ಹಿಂಸೆಗೆ ಎಣ್ಣೆಬಣ್ಣದಲ್ಲಿ ಉತ್ತರ ಸಾಲದು ಅನ್ನಿಸಿ ಅವರು ಸೆಗಣಿ ಹಿಡಿದರು. ಸೆಗಣಿಯ ಚಿತ್ರ ಬರೀಲಿಲ್ಲ, ಸೆಗಣಿಯನ್ನೇ ತಂದಿಟ್ಟರು. 1996ರ 'ಮಾರ್ಟಾರ್ ಲೈನ್' ಕೃತಿ ಸೆಗಣಿ ಇಟ್ಟಿಗೆಯ ಸಾಲು, ನಡುವೆ ಗಾರೆಯ ಜಾಗದಲ್ಲಿ ಕುಂಕುಮ.

ವಿಮರ್ಶಕರು ಇದನ್ನ ಪವಿತ್ರ ವಸ್ತು ಅಂದರು, ಹೆಂಗಸರ ದುಡಿಮೆ ಅಂದರು. ಖರೇನೇ. ಆದರ ಯಾವ ಹೆಂಗಸು? ನಮ್ಮವ್ವ ದೊಡ್ಡವರ ಮನಿ ಹೆಂಡಿಕಸ ಮಾಡ್ತಿದ್ಲು. ಆಕಿ ಸಾರಿಸಿದ ಅಂಗಳ ಶುದ್ಧ, ಆಕಿ ಹೊಸ್ತಿಲು ದಾಟಿದರೆ ಮೈಲಿಗೆ. ಉತ್ತರ ಭಾರತದ 'ಗೋಬರಹಾ' ಪದ್ಧತಿ ಬಗ್ಗೆ ಅಂಬೇಡ್ಕರ್ ಬರೆದಿದ್ದಾರೆ. ಕಣ ತುಳಿಯೋ ಎತ್ತುಗಳು ಕಾಳೂ ತಿಂತಾವ, ಅರಗದ ಕಾಳು ಸೆಗಣಿಯಲ್ಲಿ ಬೀಳುತ್ತೆ. ಅದನ್ನ ಬೇರ್ಪಡಿಸಿ ಅಸ್ಪೃಶ್ಯರಿಗೆ ಕೂಲಿ ಅಂತ ಕೊಡುತ್ತಿದ್ದರು. ಸೆಗಣಿ ಅಂದರೆ ಈ ದೇಶದಲ್ಲಿ ಪೂಜೆ ಅಷ್ಟೇ ಅಲ್ಲ, ಸಂಬಳವೂ ಆಗಿತ್ತು. ಗ್ಯಾಲರಿಯವರ ಬರಹದಲ್ಲಿ ನನಗೆ ಈ ಮಾತು ಸಿಗಲಿಲ್ಲ.

ಹಂಗಂತ ನಾನು ಶೀಲಾ ಗೌಡರನ್ನ ತಳ್ಳಿಹಾಕೋದಿಲ್ಲ. ನಮ್ಮ ಜಿಲ್ಲೆಯ ಗೊಟಗೋಡಿ ರಾಕ್ ಗಾರ್ಡನ್‌ನಲ್ಲಿ ದುಡಿಯೋ ಮಂದಿಯನ್ನ ಸಿಮೆಂಟಿನಲ್ಲಿ ಥೇಟ್ ಹಂಗೇ ಮಾಡಿ ನಿಲ್ಲಿಸ್ಯಾರ. ನೋಡಿ ಖುಷಿಪಟ್ಟು, ಸೆಲ್ಫಿ ತಗೊಂಡು ಬರ್ತೀವಿ. ಶೀಲಾ ಅವರಲ್ಲಿ ಬಡವರ ಗೊಂಬೆ ಇಲ್ಲ. 2006ರ 'ಡಾರ್ಕ್‌ರೂಮ್' ನೋಡ್ರಿ. ರಸ್ತೆ ಕೆಲಸದ ಕೂಲಿಗಳು ಖಾಲಿ ಡಾಂಬರ್ ಡ್ರಮ್ಮು ಬಡಿದು ತಗಡು ಮಾಡಿ, ಗುಡಿಸಲು ಕಟ್ಟಿಕೊಂಡು ಇರ್ತಾರಲ್ಲ, ಅದೇ ಡ್ರಮ್ಮು, ಅದೇ ತಗಡು. ಹೊರಗಿಂದ ಕೋಟೆ ಕಂಡಂಗ ಕಾಣ್ತದ. ಒಳಗೆ ಹೋಗಬೇಕಂದ್ರೆ ಎಂಥಾ ಸಾಹುಕಾರನೂ ಬಗ್ಗಬೇಕು. ಒಳಗೆ ಕತ್ತಲು, ಮೇಲೆ ಸಣ್ಣ ತೂತುಗಳಿಂದ ಬೀಳೋ ಬೆಳಕು ಚುಕ್ಕಿ ಇದ್ದಂಗ. ಗ್ಯಾಲರಿ ನೋಡೋ ಮಂದಿಯನ್ನ ಕೂಲಿಕಾರನ ಸೂರಿನೊಳಗೆ ಬಗ್ಗಿಸಿದ್ದು ನನಗೆ ಭಾಷಣಕ್ಕಿಂತ ದೊಡ್ಡದು ಅನ್ನಿಸ್ತು.

ನನ್ನ ತಕರಾರು ಮ್ಯೂಸಿಯಂ ಚೀಟಿಯ ಮೇಲೆ. 'ಕೂದಲು, ಉಕ್ಕು' ಅಂತ ಬರೀತಾರೆ. ಬೋಳಿಸಿದ ಕೈ, ಹೊಸೆದ ಕೈ ಯಾವುವು? ಅವರು ಮುಟ್ಟಿದರೆ 'ಮಾಧ್ಯಮ', ನಾವು ತಲೆಮಾರುಗಟ್ಟಲೆ ಮುಟ್ಟಿದ್ದು ಬರೀ ಚಾಕರಿ.

2012ರ ಕೊಚ್ಚಿ ಬಿನಾಲೆಗೆ ಶೀಲಾ ಮತ್ತು ಅವರ ಸಂಗಾತಿ ಕ್ರಿಸ್ಟಾಫ್ ಸ್ಟೋರ್ಜ್ ಬೆಂಗಳೂರಿನ ಬೀದಿಬದಿ ಬಿದ್ದಿದ್ದ ಒಳ್ಳುಗಳನ್ನ ಸಾಗಿಸಿದರು. ಮಿಕ್ಸರ್ ಬಂದ ಮೇಲೆ, ಹಳೇ ಮನೆ ಕೆಡವಿದ ಮೇಲೆ ಮಂದಿ ಹೊರಗಿಟ್ಟ ಕಲ್ಲುಗಳು. ದೇವರಂತೆ ಪೂಜೆ ಮಾಡಿದ್ದಕ್ಕೆ ಒಡೆಯಲಿಕ್ಕೆ ಭಯ, ಇಟ್ಟುಕೊಳ್ಳಲಿಕ್ಕೆ ಜಾಗ ಇಲ್ಲ. ಆ ಕಲ್ಲನ್ನ ಅವರು ಕೆತ್ತಿ ಬೇರೆ ಆಕಾರ ಮಾಡಲಿಲ್ಲ. ಒಡ್ಡರು ಉಳಿ ಹೊಡೆದು ಮಾಡಿದ ಕುಳಿ, ಅದರೊಳಗ ರುಬ್ಬಿ ರುಬ್ಬಿ ಹೆಂಗಸರ ಕೈ ಸವೆಸಿದ ನುಣುಪು ಎರಡೂ ಹಂಗೇ ಉಳಿದವು.