ಕುಣಿಗಲ್ಲಿನ ಕುದುರೆ ಫಾರಂ: ಒಂದು ಸಾರ್ವಜನಿಕ ಭೂಮಿಯ ಉದ್ದೇಶಾಂತರದ ಚರಿತ್ರೆ

ಕರ್ನಾಟಕದ ಭೂಚರಿತ್ರೆಯ ಅಧ್ಯಯನವು ಬಹುಮಟ್ಟಿಗೆ ಕಂದಾಯ, ಇನಾಮು, ಗೇಣಿ ಹಾಗೂ ಭೂಸುಧಾರಣೆಗಳ ಸುತ್ತ ನಡೆದಿದೆ. ರೈತನ ಹೊಲವೇ ಅದರ ಕೇಂದ್ರ. ಆದರೆ ಅರಸೊತ್ತಿಗೆಯಾಗಲಿ ಅನಂತರದ ಸರ್ಕಾರವಾಗಲಿ ಒಂದು ಗೊತ್ತಾದ ಕಾರ್ಯಕ್ಕೆಂದು ತೆಗೆದಿರಿಸಿಕೊಂಡ ಭೂಮಿಯ ಚರಿತ್ರೆ ಬೇರೆಯೇ ಆದುದು. ಕುದುರೆ ಲಾಯ, ದನಗಳ ಕಾವಲು, ದಂಡುಪ್ರದೇಶ, ರೈಲ್ವೆ ಯಾರ್ಡು, ಸರ್ಕಾರಿ ಕಾರ್ಖಾನೆ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಇಂತಹ ಭೂಮಿಯು ಯಾವ ಕಾರ್ಯಕ್ಕೆ ಮೀಸಲಾಗಿತ್ತೋ ಆ ಕಾರ್ಯವೇ ನಿಂತುಹೋದಾಗ ಅದು ಯಾರಿಗೆ ಸೇರಬೇಕು, ಯಾವ ಉಪಯೋಗಕ್ಕೆ ಸಲ್ಲಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗಳು ಏಳುತ್ತವೆ. ತುಮಕೂರು ಜಿಲ್ಲೆಯ ಕುಣಿಗಲ್ ಪಟ್ಟಣದ ಕುದುರೆ ಫಾರಮ್ಮನ್ನು ನಿದರ್ಶನವಾಗಿ ಇರಿಸಿಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫಾರಮ್ಮಿನ ಮೂವತ್ತು ವರ್ಷಗಳ ಗುತ್ತಿಗೆ 2022ರಲ್ಲಿ ಮುಗಿಯಿತು. ಅನಂತರ ಆ ಜಾಗದಲ್ಲಿ ಸಮಗ್ರ ಉಪನಗರವನ್ನು ನಿರ್ಮಿಸುವ ಪ್ರಸ್ತಾವ ಬಂದು, ಅದರ ಪರ ಹಾಗೂ ವಿರುದ್ಧ ಸಾರ್ವಜನಿಕ ಚರ್ಚೆ ನಡೆಯಿತು. ಈ ಚರ್ಚೆಯನ್ನು ‘ಪರಂಪರೆ’ ಮತ್ತು ‘ಅಭಿವೃದ್ಧಿ’ಗಳ ನಡುವಿನ ಜಗಳವೆಂದು ಚಿತ್ರಿಸುವುದು ವಾಡಿಕೆ. ಆದರೆ ಫಾರಮ್ಮಿನ ಚರಿತ್ರೆಯನ್ನು ಕಾಲಾನುಕ್ರಮದಲ್ಲಿ ನೋಡಿದಾಗ ನಿರ್ಣಾಯಕ ತಿರುವು ಉಪನಗರದ ಪ್ರಸ್ತಾವದಲ್ಲಿ ಅಲ್ಲ, ಅದಕ್ಕೂ ಮೂರು ದಶಕಗಳ ಹಿಂದೆಯೇ ಸಂಭವಿಸಿತ್ತೆಂಬುದು ಕಂಡುಬರುತ್ತದೆ.

1. ಸೈನ್ಯದ ಲಾಯ

ದಕ್ಷಿಣ ಭಾರತದ ಅರಸರಿಗೆ ಕುದುರೆಯು ಸದಾ ಹೊರಗಿನಿಂದ ತರಿಸಬೇಕಾದ ವಸ್ತುವಾಗಿತ್ತು. ವಿಜಯನಗರದ ಕಾಲದಲ್ಲಿ ಅರಬ್ ಮತ್ತು ಪರ್ಷಿಯಾ ದೇಶಗಳ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆ ಮೊದಲಾದ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿಯುತ್ತಿದ್ದವು. ಕುದುರೆ ವ್ಯಾಪಾರದ ಮೇಲೆ ಹಿಡಿತವುಳ್ಳವನಿಗೆ ಯುದ್ಧದ ಮೇಲೆಯೂ ಹಿಡಿತವಿರುತ್ತಿತ್ತು. ಆದುದರಿಂದ ಒಳನಾಡಿನಲ್ಲಿಯೇ ಉತ್ತಮ ತಳಿಯ ಕುದುರೆಗಳನ್ನು ಬೆಳೆಸುವ ಪ್ರಯತ್ನವು ಪಶುಪಾಲನೆಯ ವಿಷಯವಷ್ಟೇ ಅಲ್ಲದೆ ರಾಜ್ಯದ ಸ್ವಾಯತ್ತತೆಯ ವಿಷಯವೂ ಆಗಿತ್ತು.

ಕುಣಿಗಲ್ ಫಾರಮ್ಮಿನ ಮೂಲವನ್ನು ಟಿಪ್ಪು ಸುಲ್ತಾನನ ಆಳ್ವಿಕೆಗೆ (1782-1799) ಹೇಳಲಾಗುತ್ತದೆ. ಸ್ಥಳದ ಆಯ್ಕೆಗೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಪ್ರಸಿದ್ಧವಾದ ದೊಡ್ಡ ಕೆರೆ, ಹುಲ್ಲುಗಾವಲು, ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳೆರಡಕ್ಕೂ ದೂರವಲ್ಲದ ನೆಲೆ ಇವು ಇಲ್ಲಿ ಕೂಡಿಬಂದಿದ್ದವು. ಇದೇ ತಾಲ್ಲೂಕಿನ ಹುಲಿಯೂರುದುರ್ಗ ಮತ್ತು ಹುತ್ರಿದುರ್ಗಗಳು ಮೂರನೆಯ ಮೈಸೂರು ಯುದ್ಧದಲ್ಲಿ, 1791-92ರ ಅವಧಿಯಲ್ಲಿ, ಕಾರ್ನ್‌ವಾಲಿಸನ ಸೈನ್ಯದ ವಶವಾದುದನ್ನು ನೆನೆದರೆ ಈ ಪ್ರದೇಶಕ್ಕಿದ್ದ ಸೈನಿಕ ಮಹತ್ವವು ಸ್ಪಷ್ಟವಾಗುತ್ತದೆ.

1799ರಲ್ಲಿ ಟಿಪ್ಪು ಮಡಿದ ಮೇಲೆಯೂ ಕುದುರೆಯ ಅಗತ್ಯ ತಪ್ಪಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1807ರ ಪೂರಕ ಒಪ್ಪಂದದಂತೆ, ಮೈಸೂರು ಸಂಸ್ಥಾನವು ನಾಲ್ಕು ಸಾವಿರ ಕುದುರೆಗಳ ಅಶ್ವದಳವನ್ನು ಇಂಗ್ಲಿಷರ ನೆರವಿಗೆಂದು ಸಿದ್ಧವಾಗಿಟ್ಟಿರಬೇಕಾಯಿತು. ಇದೇ ಸಿಲ್ಲೇದಾರ್ ಪಡೆ. ಸವಾರನು ತನ್ನದೇ ಕುದುರೆ ಹಾಗೂ ಆಯುಧಗಳೊಡನೆ ಸೇವೆಗೆ ಸೇರುವುದು ಈ ಪದ್ಧತಿಯ ಲಕ್ಷಣ. ಅಂತಹ ಪಡೆಗೆ ಯೋಗ್ಯವಾದ ಕುದುರೆಗಳು ನಾಡಿನೊಳಗೇ ದೊರೆಯುವಂತೆ ಮಾಡುವುದು ಸರ್ಕಾರದ ಹೊಣೆಯಾಯಿತು. ಕುಣಿಗಲ್ಲಿನ ಸಂಸ್ಥೆಯು ಈ ಹೊಣೆಯೊಂದಿಗೆ ಬೆಸೆದುಕೊಂಡಿತು. ಅರಸು, ಕಂಪನಿ, ಕಮಿಷನರರ ಆಡಳಿತ, 1881ರ ಪುನರ್ದಾನದ ಅನಂತರದ ಸಂಸ್ಥಾನ ಹೀಗೆ ಒಡೆತನ ಬದಲಾಗುತ್ತ ಹೋದರೂ ಭೂಮಿಯ ಉದ್ದೇಶ ಬದಲಾಗಲಿಲ್ಲ.

2. ಸೈನ್ಯದಿಂದ ಪಂದ್ಯಕ್ಕೆ

1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದ ದಾಳಿಯಲ್ಲಿ ಜೋಧಪುರದ ದಳದೊಂದಿಗೆ ಮೈಸೂರು ಲ್ಯಾನ್ಸರ್ಸ್ ಪಡೆಯೂ ಪಾಲ್ಗೊಂಡಿತು. ಅಶ್ವದಳದ ಯುದ್ಧಚರಿತ್ರೆಯಲ್ಲಿ ಇದು ಕೊನೆಯ ದೊಡ್ಡ ಅಧ್ಯಾಯಗಳಲ್ಲೊಂದು. ಮೋಟಾರು ವಾಹನ ಮತ್ತು ಯಂತ್ರತೋಪುಗಳು ಕುದುರೆಯನ್ನು ರಣರಂಗದಿಂದ ಹೊರಹಾಕಿದವು. ಕುಣಿಗಲ್ ಫಾರಮ್ಮಿನ ಮೂಲ ಉದ್ದೇಶ ತೀರಿದ್ದು ಈ ಹಂತದಲ್ಲಿ.

ಸ್ವಾತಂತ್ರ್ಯಾನಂತರ ಫಾರಂ ರಾಜ್ಯದ ಪಶುಸಂಗೋಪನಾ ವ್ಯವಸ್ಥೆಯ ಅಂಗವಾಯಿತು. ಪಂದ್ಯದ ಕುದುರೆಗಳ ತಳಿ ಅಭಿವೃದ್ಧಿ ಅದರ ಹೊಸ ಕಾರ್ಯವಾಯಿತು. ಇದನ್ನು ಮೊದಲ ಉದ್ದೇಶಾಂತರವೆನ್ನಬಹುದು. ಆದರೆ ಈ ಬದಲಾವಣೆಯಲ್ಲಿ ಎರಡು ಅಂಶಗಳು ಉಳಿದುಕೊಂಡವು. ಒಂದು, ಕುದುರೆ ಸಾಕುವ ವೃತ್ತಿ ಮತ್ತು ಅದಕ್ಕೆ ಹೊಂದಿಕೊಂಡ ಲಾಯ, ಹುಲ್ಲುಗಾವಲು, ಮರಗಳು. ಎರಡು, ಸರ್ಕಾರದ ನೇರ ನಿರ್ವಹಣೆ. ಲಾಯದ ಕೆಲಸ, ಮೇವಿನ ಪೂರೈಕೆ, ಲಾಳ ಕಟ್ಟುವುದು, ಪಶುವೈದ್ಯ ಇವೆಲ್ಲ ಸೇರಿ ಒಂದು ಸಾರ್ವಜನಿಕ ಸಂಸ್ಥೆಯ ಸ್ವರೂಪವಿತ್ತು.

3. 1992: ಗುತ್ತಿಗೆ

1992ರಲ್ಲಿ ರಾಜ್ಯ ಸರ್ಕಾರವು ನಾನೂರಕ್ಕೂ ಹೆಚ್ಚು ಎಕರೆ ವಿಸ್ತಾರದ ಈ ಫಾರಮ್ಮನ್ನು ವಿಜಯ್ ಮಲ್ಯರ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ ಮೂವತ್ತು ವರ್ಷಗಳ ಅವಧಿಗೆ ಗುತ್ತಿಗೆ ಕೊಟ್ಟಿತು. ತಳಿ ಸಾಕಣೆಯ ದೃಷ್ಟಿಯಿಂದ ಈ ಕಾಲವನ್ನು ಹಿನ್ನಡೆಯ ಕಾಲವೆನ್ನಲಾಗದು. ಇಲ್ಲಿ ಹುಟ್ಟಿದ ಕುದುರೆಗಳು ದೇಶದ ಪ್ರಮುಖ ಪಂದ್ಯಗಳಲ್ಲಿ ಗೆದ್ದಿವೆ. ಆದರೆ ಚರಿತ್ರೆಯ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಭೂಮಿಯು ಕಾಗದದಲ್ಲಿ ಸರ್ಕಾರದ್ದಾಗಿಯೇ ಉಳಿದು, ಬಳಕೆಯಲ್ಲಿ ಖಾಸಗಿಯದಾಯಿತು. ಸಾರ್ವಜನಿಕ ಉದ್ದೇಶವೆಂಬುದು ಗುತ್ತಿಗೆಯ ಹಣಕ್ಕೆ ಸೀಮಿತವಾಯಿತು. ಪಟ್ಟಣಕ್ಕೂ ಫಾರಮ್ಮಿಗೂ ಇದ್ದ ಸಂಬಂಧವು ಬೇಲಿಯ ಆಚೆ-ಈಚೆಯ ಸಂಬಂಧವಾಗುವುದಕ್ಕೆ ಇದರಿಂದ ದಾರಿಯಾಯಿತು.

ಇದೇ 1992ರ ಡಿಸೆಂಬರಿನಲ್ಲಿ ಸಂವಿಧಾನದ 74ನೆಯ ತಿದ್ದುಪಡಿಯು ಸಂಸತ್ತಿನ ಒಪ್ಪಿಗೆ ಪಡೆದು, 1993ರ ಜೂನ್ 1ರಂದು ಜಾರಿಗೆ ಬಂದಿತು. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯ ಹದಿನೆಂಟು ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ. ಪಟ್ಟಣದ ಭವಿಷ್ಯವನ್ನು ರೂಪಿಸುವಲ್ಲಿ ಚುನಾಯಿತ ಸ್ಥಳೀಯ ಸಂಸ್ಥೆಗೆ ಪಾತ್ರವಿರಬೇಕೆಂದು ಸಂವಿಧಾನವು ಹೇಳಿದ ಕಾಲದಲ್ಲಿಯೇ, ಕುಣಿಗಲ್ಲಿನ ಅತ್ಯಂತ ದೊಡ್ಡ ಸಾರ್ವಜನಿಕ ಬಯಲು ಒಂದು ತಲೆಮಾರಿನ ಕಾಲ ಆ ಚರ್ಚೆಯಿಂದ ಹೊರಗುಳಿಯುವಂತಾಯಿತು. ಈ ಎರಡು ಘಟನೆಗಳ ನಡುವೆ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಅವು ಒಟ್ಟಿಗೆ ಸಂಭವಿಸಿದುದರ ಪರಿಣಾಮ 2022ರಲ್ಲಿ ಗೋಚರಿಸಿತು: ಗುತ್ತಿಗೆ ಮುಗಿದಾಗ ಊರಿನ ಬಳಿ ತನ್ನದೇ ಆದ ಯೋಜನೆ ಇರಲಿಲ್ಲ.

4. ರೈಲು, ರಸ್ತೆ ಮತ್ತು ಭೂಮಿಯ ಬೆಲೆ

ಉಪನಗರದ ಪ್ರಸ್ತಾವಕ್ಕೆ ಸಾರಿಗೆಯ ಹಿನ್ನೆಲೆಯಿದೆ. ಬೆಂಗಳೂರಿನಿಂದ ತುಮಕೂರಿನವರೆಗಿನ ಮೀಟರ್ ಗೇಜ್ ರೈಲುಮಾರ್ಗವು 1884ರಲ್ಲಿ ಆರಂಭವಾಯಿತು. ಅದೇ ಮಾರ್ಗವು ಗುಬ್ಬಿಯ ಮೂಲಕ ಮುಂದುವರಿದು 1889ರಲ್ಲಿ ಹರಿಹರವನ್ನು ಮುಟ್ಟಿತು. ತುಮಕೂರು ಮತ್ತು ಗುಬ್ಬಿಗಳು ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೈಲು ಕಂಡ ಊರುಗಳಾದವು. ಕುಣಿಗಲ್ ಮಾತ್ರ ರಸ್ತೆಯನ್ನೇ ನೆಚ್ಚಿಕೊಂಡಿತ್ತು. ಬೆಂಗಳೂರು-ಹಾಸನ ನೇರ ರೈಲುಮಾರ್ಗವು 2017ರ ಮಾರ್ಚ್ 26ರಂದು ಸಂಚಾರಕ್ಕೆ ತೆರೆದಾಗ ಕುಣಿಗಲ್ಲಿನಿಂದ ರಾಜಧಾನಿಗೆ ರೈಲಿನ ಸಂಪರ್ಕ ದೊರೆಯಿತು. ಬೆಂಗಳೂರು-ಮಂಗಳೂರು ಹೆದ್ದಾರಿಯ ಚತುಷ್ಪಥವೂ ಇದಕ್ಕೆ ಕೂಡಿಕೊಂಡಿತು.

ಸುಮಾರು ಎಪ್ಪತ್ತು ಕಿಲೋಮೀಟರಿನ ಅಂತರ ಬದಲಾಗಲಿಲ್ಲ. ಅದರ ಅರ್ಥ ಬದಲಾಯಿತು. ಹುಲ್ಲುಗಾವಲಾಗಿ ಕಂಡ ಭೂಮಿ ನಿವೇಶನವಾಗಿ ಕಾಣತೊಡಗಿತು. ಹಳೆಯ ಉದ್ದೇಶ ದುರ್ಬಲವಾಗುವುದು, ಭೂಮಿಯ ಬೆಲೆ ಏರುವುದು, ಗುತ್ತಿಗೆ ಮುಗಿಯುವುದು ಈ ಮೂರೂ ಒಂದೇ ಕಾಲಕ್ಕೆ ಕೂಡಿಬಂದಾಗ ಉದ್ದೇಶಾಂತರದ ಒತ್ತಡ ತೀವ್ರವಾಗುತ್ತದೆ.

5. ವಾದ ಮತ್ತು ಪ್ರತಿವಾದ

ಉಪನಗರದ ಪರವಾದ ವಾದವನ್ನು ಹಗುರವಾಗಿ ಕಾಣಲಾಗದು. ಬೆಂಗಳೂರಿನ ಮೇಲಿನ ಒತ್ತಡವನ್ನು ಸುತ್ತಲಿನ ಪಟ್ಟಣಗಳು ಹಂಚಿಕೊಳ್ಳಬೇಕೆಂಬ ನೀತಿ ಹಲವು ಸರ್ಕಾರಗಳದು. ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವುದಕ್ಕಿಂತ ಸರ್ಕಾರದ್ದೇ ಆದ ಭೂಮಿಯನ್ನು ಬಳಸುವುದು ನ್ಯಾಯವೆಂದು ತೋರುವುದೂ ಸಹಜ. ಕೆಲವೇ ಶ್ರೀಮಂತರ ಪಂದ್ಯಕ್ಕಾಗಿ ಊರ ನಡುವಿನ ಇಷ್ಟು ವಿಶಾಲವಾದ ಬಯಲನ್ನು ಮೀಸಲಿಡುವುದು ಯಾವ ಸಾರ್ವಜನಿಕ ಹಿತ ಎಂಬ ಪ್ರಶ್ನೆಗೂ ಬಲವಿದೆ.

ವಿರೋಧದ ವಾದವು ಮುಖ್ಯವಾಗಿ ಮೂರು ನೆಲೆಗಳದು. ಎರಡು ಶತಮಾನಗಳ ಇತಿಹಾಸವುಳ್ಳ ಅಶ್ವಶಾಲೆ ಮತ್ತೊಂದಿಲ್ಲವೆಂಬುದು ಮೊದಲನೆಯದು. ಹಳೆಯ ಮರಗಳುಳ್ಳ ಬಯಲನ್ನು ಒಮ್ಮೆ ಕಟ್ಟಡಕ್ಕೆ ಕೊಟ್ಟರೆ ಮರಳಿ ಪಡೆಯಲಾಗದೆಂಬುದು ಎರಡನೆಯದು. ಫಾರಮ್ಮನ್ನು ನೆಚ್ಚಿಕೊಂಡ ಕಾರ್ಮಿಕ ಕುಟುಂಬಗಳ ಜೀವನೋಪಾಯವು ಮೂರನೆಯದು. ಬೆಂಗಳೂರಿನ ಕುದುರೆಪಂದ್ಯದ ಮೈದಾನವನ್ನು ಇತ್ತ ಸ್ಥಳಾಂತರಿಸುವ ಮಾತೂ ಕೇಳಿಬಂದು ಚರ್ಚೆ ಇನ್ನಷ್ಟು ಜಟಿಲವಾಯಿತು.

ಇಲ್ಲಿ ಕಾನೂನಿನ ಒಂದು ಇತಿಮಿತಿಯನ್ನು ಹೇಳಬೇಕು. 1961ರ ರಾಜ್ಯದ ಪ್ರಾಚೀನ ಹಾಗೂ ಐತಿಹಾಸಿಕ ಸ್ಮಾರಕಗಳ ಕಾಯಿದೆಯು ನೂರು ವರ್ಷ ಮೀರಿದ ಕಟ್ಟಡ ಮತ್ತು ಸ್ಥಳಗಳ ರಕ್ಷಣೆಗೆ ಅವಕಾಶ ನೀಡುತ್ತದೆ. ಲಾಯದ ಕಟ್ಟಡ ಇದರೊಳಗೆ ಸುಲಭವಾಗಿ ಬರಬಹುದು. ಆದರೆ ಹುಲ್ಲುಗಾವಲು, ಕುದುರೆ ಓಡುವ ದಾರಿ, ಮೇವಿನ ಹೊಲ, ಸಾಕಣೆಯ ಜ್ಞಾನ ಇವುಗಳಿಗೆ ಕಟ್ಟಡದ ರೂಪವಿಲ್ಲ. ಸ್ಮಾರಕವೆಂದರೆ ಕಲ್ಲು-ಗಾರೆ ಎಂಬ ನಮ್ಮ ರೂಢಿಯು ಬಯಲಿನ ಚರಿತ್ರೆಯನ್ನು ಕಾಣುವುದಿಲ್ಲ.

6. ನೆರೆಯ ನಿದರ್ಶನಗಳು

ಇದೇ ಜಿಲ್ಲೆಯಲ್ಲಿ ನಡೆದ ಇನ್ನೆರಡು ಉದ್ದೇಶಾಂತರಗಳನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ತುಮಕೂರು ನಗರದಲ್ಲಿ 1970ರ ದಶಕದ ಕೊನೆಗೆ ಸ್ಥಾಪನೆಯಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯು ಕ್ವಾರ್ಟ್ಜ್ ಗಡಿಯಾರಗಳ ಪೈಪೋಟಿ ಮತ್ತು ನಷ್ಟಗಳಿಂದ ಸೊರಗಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ನೂರು ಎಕರೆಗೂ ಮೀರಿದ ಕಾರ್ಖಾನೆಯ ಜಾಗವು ಅನಂತರ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ ವರ್ಗಾವಣೆಯಾಯಿತು. ಕೆಲಸ ಕಳೆದುಕೊಂಡವರ ನೋವು ಇದರಿಂದ ಮಾಯವಾಗಲಿಲ್ಲ. ಆದರೆ ಸಾರ್ವಜನಿಕ ಭೂಮಿ ಮತ್ತೊಂದು ಸಾರ್ವಜನಿಕ ಉದ್ದೇಶಕ್ಕೇ ಸಂದಿತು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. 2016ರ ಜನವರಿ 3ರಂದು ಶಂಕುಸ್ಥಾಪನೆ ನಡೆದು, 2023ರ ಫೆಬ್ರವರಿ 6ರಂದು ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಊರಿನ ಹೆಸರಿನಲ್ಲಿರುವ ‘ಕಾವಲು’ ಎಂಬ ಪದವು ಹುಲ್ಲುಗಾವಲಿನ ಗತಕಾಲವನ್ನು ಸೂಚಿಸುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಆ ದನಗಳಿಗೆಂದು ಮೀಸಲಾಗಿದ್ದ ಲಕ್ಷಾಂತರ ಎಕರೆ ಕಾವಲುಗಳು ಹಳೆಯ ಮೈಸೂರಿನ ಉದ್ದಕ್ಕೂ ಕರಗಿಹೋದ ಬಗೆಯನ್ನು ಬಲ್ಲವರಿಗೆ ಕುಣಿಗಲ್ಲಿನ ಪ್ರಶ್ನೆ ಹೊಸದೆನಿಸದು. ಸೈನ್ಯಕ್ಕೆ ಎತ್ತು ಒದಗಿಸುತ್ತಿದ್ದ ಕಾವಲು, ಸೈನ್ಯಕ್ಕೆ ಕುದುರೆ ಒದಗಿಸುತ್ತಿದ್ದ ಫಾರಂ ಇವೆರಡೂ ಒಂದೇ ಆಡಳಿತ ದೃಷ್ಟಿಯ ಕೂಸುಗಳು.

7. ಹೊರನಾಡಿನ ಎರಡು ಚರ್ಚೆಗಳು

ಮುಂಬಯಿಯ ಮಹಾಲಕ್ಷ್ಮಿ ಕುದುರೆಪಂದ್ಯದ ಮೈದಾನವು ಸುಮಾರು 211 ಎಕರೆಯದು. ಅದರ ಗುತ್ತಿಗೆ 2013ರಲ್ಲಿ ಮುಗಿದು, ದಶಕದಷ್ಟು ಕಾಲ ಭವಿಷ್ಯ ತೂಗಾಡಿತು. ಕೊನೆಗೆ 2024ರಲ್ಲಿ 120 ಎಕರೆಯನ್ನು ಸಾರ್ವಜನಿಕ ಉದ್ಯಾನಕ್ಕೆ ಪಡೆದು, 91 ಎಕರೆಯನ್ನು ಪಂದ್ಯದ ಸಂಸ್ಥೆಗೆ ಉಳಿಸುವ ನಿರ್ಧಾರವಾಯಿತು. ಇಡಿಯಾಗಿ ಉಳಿಸುವುದು ಅಥವಾ ಇಡಿಯಾಗಿ ಕೊಡುವುದು ಎಂಬ ಎರಡೇ ದಾರಿಗಳಿಲ್ಲವೆಂಬುದನ್ನು ಇದು ತೋರಿಸುತ್ತದೆ.

ಅಮೆರಿಕದ ಲಾಸ್ ಏಂಜಲಿಸ್ ನಗರದ ನಡುವೆ, ನದಿಯ ಸಮೀಪ, ಸದರ್ನ್ ಪೆಸಿಫಿಕ್ ರೈಲ್ವೆಯ 32 ಎಕರೆಯ ಹಳೆಯ ಯಾರ್ಡು ಪಾಳುಬಿದ್ದಿತ್ತು. ಅಲ್ಲಿ ಗೋದಾಮುಗಳನ್ನು ಕಟ್ಟುವ ಯೋಜನೆಯನ್ನು ನೆರೆಹೊರೆಯ ನಿವಾಸಿಗಳೂ ಸಂಘಟನೆಗಳೂ ಎದುರಿಸಿದರು. 2001ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಆ ಜಾಗವನ್ನು ಕೊಂಡುಕೊಂಡಿತು; 2017ರಲ್ಲಿ ಅದು ಐತಿಹಾಸಿಕ ಉದ್ಯಾನವಾಗಿ ಪೂರ್ಣರೂಪದಲ್ಲಿ ತೆರೆಯಿತು. ಖಾಸಗಿಯವರ ಕೈಸೇರಲಿದ್ದ ಭೂಮಿಯನ್ನು ಅಲ್ಲಿ ಸರ್ಕಾರವು ಹಣ ತೆತ್ತು ಪಡೆಯಬೇಕಾಯಿತು. ಕುಣಿಗಲ್ಲಿನಲ್ಲಿ ಅಂತಹ ಹಣವನ್ನು ತೆರಬೇಕಾಗಿಲ್ಲ; ಇರುವುದನ್ನು ವಿವೇಕದಿಂದ ಬಳಸಿದರೆ ಸಾಕು.

8. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಮೂರು ಸಂಗತಿಗಳು ಹೊರಡುತ್ತವೆ. ಮೊದಲನೆಯದಾಗಿ, ಕುಣಿಗಲ್ ಫಾರಂ ಎಂದೂ ಒಂದೇ ಸ್ಥಿತಿಯಲ್ಲಿ ನಿಂತ ಭೂಮಿಯಲ್ಲ. ಸೈನ್ಯ, ಪಶುಸಂಗೋಪನೆ, ಗುತ್ತಿಗೆ ಎಂದು ಅದರ ಉದ್ದೇಶ ಹಲವು ಬಾರಿ ಬದಲಾಗಿದೆ. ಹಾಗಾಗಿ ಬದಲಾವಣೆಯೇ ಸಲ್ಲದೆಂಬ ವಾದಕ್ಕೆ ಚರಿತ್ರೆಯ ಬೆಂಬಲವಿಲ್ಲ. ಎರಡನೆಯದಾಗಿ, ಅದು ಖಾಲಿ ಜಮೀನೂ ಅಲ್ಲ. ಯಾವ ಕಾಲದಲ್ಲಿಯೂ ಅದರ ಮೇಲೆ ದುಡಿಮೆ, ಜ್ಞಾನ ಮತ್ತು ಹೊಣೆ ಇದ್ದವು. ಮೂರನೆಯದಾಗಿ, ಉದ್ದೇಶವು ಸಾರ್ವಜನಿಕರ ಕಣ್ಣಿಂದ ಮರೆಯಾದದ್ದು 1992ರಲ್ಲಿ. ಇಂದಿನ ಗೊಂದಲ ಆ ಮರೆವಿನ ಫಲ.

ಆದುದರಿಂದ ನಿರ್ಧಾರಕ್ಕೆ ಮುನ್ನ ಮಾಡಬೇಕಾದ ಕೆಲಸಗಳಿವೆ. ಫಾರಮ್ಮಿಗೆ ಸಂಬಂಧಿಸಿದ ತಳಿ ದಾಖಲೆ, ಕಂದಾಯ ನಕ್ಷೆ, ಗುತ್ತಿಗೆಯ ಕಡತಗಳನ್ನು ಒಂದೆಡೆ ಕಲೆಹಾಕಿ ಸಂಶೋಧಕರಿಗೆ ತೆರೆದಿಡಬೇಕು. ಲಾಯ, ಮರ, ಬಯಲುಗಳ ಸಮೀಕ್ಷೆ ನಡೆಯಬೇಕು. ಅಲ್ಲಿ ದುಡಿದವರ ಮೌಖಿಕ ಚರಿತ್ರೆಯನ್ನು ಅವರು ಇರುವಾಗಲೇ ಬರೆದಿಡಬೇಕು. ಇವೆಲ್ಲವನ್ನೂ ಪಟ್ಟಣದ ಚುನಾಯಿತ ಸಭೆಯ ಮುಂದೆ ಇರಿಸಬೇಕು. ಜನಪದರು ಹಾಡಿನಲ್ಲಿ ಉಳಿಸಿಕೊಟ್ಟಿರುವುದರಿಂದ ಕುಣಿಗಲ್ಲಿನ ಕೆರೆ ನಾಡಿಗೆಲ್ಲ ಪರಿಚಿತ. ಕುದುರೆ ಫಾರಮ್ಮಿಗೆ ಅಂತಹ ಹಾಡಿನ ರಕ್ಷಣೆಯಿಲ್ಲ. ಅದಕ್ಕಿರುವ ಆಸರೆ ದಾಖಲೆಯೊಂದೇ.