ಸೆಟ್ಲಮೆಂಟ್ ಅಂದ್ರೆ...

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ‘ಸೆಟ್ಲಮೆಂಟ್’ ಅನ್ನೋ ಬಡಾವಣೆಯ ಹೆಸರು ಕೇಳಿ, ಯಾವುದೋ ಜಮೀನಿನ ಲೆಕ್ಕ ಚುಕ್ತಾ ಆದ ಜಾಗ ಇರಬೇಕು ಅಂದ್ಕೊಂಡಿದ್ದೆ. ಅದು ಜನರನ್ನ ಕೂಡಿಹಾಕಿದ್ದ ಜಾಗ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅದರ ಬೇರು ನಮ್ಮ ಜಿಲ್ಲೆಯಲ್ಲೇ ಇದೆ ಅನ್ನೋದಂತೂ ಇನ್ನೂ ತಡವಾಗಿ!

ಮುದ್ದೇಬಿಹಾಳ, ಬಾಗೇವಾಡಿ ಕಡೆಯವರಿಗೆ ಛಪ್ಪರಬಂದ ಅನ್ನೋ ಅಡ್ಡಹೆಸರು ಹೊಸದಲ್ಲ. ಮೊಗಲರ ದಂಡಿನ ಜೊತೆ ಬಂದು ಛಪ್ಪರ ಹೊದಿಸುತ್ತಿದ್ದವರು ಅಂತ ಪ್ರತೀತಿ. ದಂಡು ಹೋಯ್ತು, ಕೆಲಸವೂ ಹೋಯ್ತು. ಬ್ರಿಟಿಷ್ ಪೊಲೀಸರ ಪುಸ್ತಕಗಳಲ್ಲಿ ಇವರು ಫಕೀರರ ವೇಷದಲ್ಲಿ ಊರೂರು ಸುತ್ತಿ ಖೊಟ್ಟಿ ನಾಣ್ಯ ಚಲಾಯಿಸುವವರು. ಕೆಲವರು ಮಾಡಿರಬಹುದು, ಇಲ್ಲ ಅನ್ನಲ್ಲ. ಆದ್ರೆ 1871ರಲ್ಲಿ ಉತ್ತರ ಭಾರತಕ್ಕೆ ಅಂತ ಹುಟ್ಟಿ, 1911ರಲ್ಲಿ ಮುಂಬಯಿ ಪ್ರಾಂತಕ್ಕೂ ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಲೆಕ್ಕವೇ ಬೇರೆ. ಜಾತಿಗೆ ಜಾತಿಯನ್ನೇ ಅಪರಾಧಿ ಅಂತ ಘೋಷಿಸಬಹುದು, ಅದನ್ನ ಕೋರ್ಟಿನಲ್ಲಿ ಪ್ರಶ್ನಿಸೋ ಹಾಗಿಲ್ಲ!

ಓ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ 1910ರ ಆಸುಪಾಸಿನಲ್ಲಿ ಬಿಜಾಪುರದಲ್ಲಿ ಈ ಕೆಲಸ ಶುರು ಮಾಡಿದ. ಆಮೇಲೆ ಹುಬ್ಬಳ್ಳಿ, ಗದಗ, ಸೊಲ್ಲಾಪುರ. ಹೊತ್ತುಹೊತ್ತಿಗೆ ಹಾಜರಿ, ಹೊರಗೆ ಹೋಗಲು ಪಾಸು, ಬೆರಳಚ್ಚು. ಮಕ್ಕಳನ್ನ ತಂದೆತಾಯಿಯಿಂದ ಬೇರೆ ಮಾಡಿ ಇಡೋದಕ್ಕೂ ಕಾಯ್ದೆಯಲ್ಲಿ ಅವಕಾಶ ಇತ್ತು. ಸೊಲ್ಲಾಪುರದ ಗಿರಣಿಗಳಿಗೆ ಕೂಲಿಯಾಳುಗಳೂ ಸಿಕ್ಕರು. ಸ್ಟಾರ್ಟ್ ಸಾಹೇಬನಿಗೆ ಇದು ‘ಸುಧಾರಣೆ’. ಅವನು ಕಟುಕನೇನೂ ಅಲ್ಲ, ನನಗೆ ಹೆಚ್ಚು ಹೆದರಿಕೆ ಆಗೋದು ಅದಕ್ಕೇ.

‘ನರಬಲಿ’ ಕವಿತೆಗಾಗಿ ಬೇಂದ್ರೆಯವರು ಹಿಂಡಲಗಾ ಜೈಲು ಕಂಡರು, ನಂತರ ಮುಗದದಲ್ಲಿ ನಜರಕೈದಿನಲ್ಲಿದ್ದರು. ಸೆರೆಮನೆ ಅಂದ ಕೂಡಲೇ ನಮಗೆ ನೆನಪಾಗೋದು ಇಂಥವರೇ. ಅವರಿಗೆ ಅಕ್ಷರ ಇತ್ತು, ಅಪರಾಧ ಇಂಥದ್ದೇ ಅಂತ ಒಂದು ಕಾಗದವೂ ಇತ್ತು. ಸೆಟ್ಲಮೆಂಟಿನವರ ಬಗ್ಗೆ ನಾನು ಓದಿದ್ದೆಲ್ಲ ಅವರನ್ನ ಕಾದವರು ಬರೆದದ್ದು. ಬೆಳಿಗ್ಗೆ ಹಾಜರಿಗೆ ನಿಂತ ಹೆಣ್ಣುಮಗಳು ಏನಂದುಕೊಂಡಳು?

ಮುಂಬಯಿ ಪ್ರಾಂತದಲ್ಲಿ ಕಾಯ್ದೆ ರದ್ದಾದದ್ದು 1949ರಲ್ಲಿ, ದೇಶಕ್ಕೆಲ್ಲ 1952ರ ಆಗಸ್ಟ್ 31ಕ್ಕೆ. ಜೈಲಿನ ಕೈಪಿಡಿಗಳಲ್ಲಿ ಮಾತ್ರ ಜಾತಿ ನೋಡಿ ಕೆಲಸ ಹಂಚೋದು ಉಳಿದೇ ಇತ್ತು. ಅದನ್ನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಅಕ್ಟೋಬರ್ 3ರಂದು.

ಶಾಲೆಯಲ್ಲಿದ್ದಾಗ ಒಮ್ಮೆ ಯಾರದ್ದೋ ಪರೀಕ್ಷೆ ಫೀಸು ಕಳೀತು. ಮೊದಲು ತಪಾಸಣೆಯಾದದ್ದು ಆ ಅಡ್ಡಹೆಸರಿನ ಗೆಳೆಯನ ಪಾಟಿಚೀಲ. ದುಡ್ಡು ಸಿಕ್ಕಿದ್ದು ಕಳಕೊಂಡವನ ಕಂಪಾಸ್ ಪೆಟ್ಟಿಗೆಯಲ್ಲೇ. ನಾವೆಲ್ಲ ನಕ್ಕಿದ್ವಿ, ನಾನೂ.

ನಿಮ್ಮೂರಲ್ಲೂ ಸೆಟ್ಲಮೆಂಟ್ ಇದ್ದರೆ, ಅಲ್ಲಿಯ ಹಿರಿಯರು ಹೇಳಿದ್ದನ್ನ ಬರೀರಿ. ಓದೋಕೆ ಕಾಯ್ತಿರ್ತೀನಿ.