ಬುಕಾನನ್ ನೋಡಿದ ತೆಂಗಿನ ಸೀಮೆ

ನಮ್ಮ ಪತ್ರಿಕೆಗಳಲ್ಲಿ ಪ್ರವಾಸ ಕಥನಗಳಿಗೆ ಕೊರತೆಯಿಲ್ಲ. ಪೋಲೆಂಡಿಗೆ ಹೋದವರು ವಾರ್ಸಾದ ಟ್ರಾಮುಗಳ ಬಗ್ಗೆ, ಕ್ರಾಕೋವಿನ ಚೌಕದ ಬಗ್ಗೆ, ಅಲ್ಲಿನವರು ಏನು ತಿನ್ನುತ್ತಾರೆ, ಬಸ್ಸಿನಲ್ಲಿ ಹೇಗೆ ಕೂರುತ್ತಾರೆ ಎಂಬ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಓದಲು ಖುಷಿಯೇ. ಆದರೆ ನಾವೂ ಒಂದು ಕಾಲದಲ್ಲಿ ಬೇರೆಯವರ ಪ್ರವಾಸ ಕಥನದ ವಸ್ತುವಾಗಿದ್ದೆವು. ದೂರದಿಂದ ಬಂದ ಒಬ್ಬ ನಮ್ಮ ಸಂತೆಯಲ್ಲಿ ಅಡ್ಡಾಡಿ, ತೋಟದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ, ನಮ್ಮ ಹಿರಿಯರನ್ನು ನಿಲ್ಲಿಸಿ ಪ್ರಶ್ನೆ ಕೇಳಿ ಬರೆದಿಟ್ಟ. ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಮಟ್ಟಿಗೆ ಅಂಥ ಪ್ರವಾಸಿಗರಲ್ಲಿ ಮುಖ್ಯನಾದವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್.

ತೆಂಗನ್ನು ಕಂಡು ಬೆರಗಾದ ಮೊದಲ ಪರದೇಶಿ ಅವನೇನಲ್ಲ. ಅವನಿಗಿಂತ ನಾಲ್ಕೂವರೆ ಶತಮಾನ ಮುಂಚೆ ಮೊರಾಕ್ಕೋದ ಇಬ್ನ್ ಬತೂತ ತೆಂಗಿನ ಬಗ್ಗೆ ಬರೆದಿದ್ದಾನೆ. ಮರವೇನೋ ಖರ್ಜೂರದಂತೆ, ಕಾಯಿ ಮಾತ್ರ ಮನುಷ್ಯನ ತಲೆಯಂತೆ. ಎರಡು ಕಣ್ಣು, ಒಂದು ಬಾಯಿ, ಒಳಗೆ ಮಿದುಳಿನಂಥ ತಿರುಳು, ಮೇಲೆ ಕೂದಲಿನಂಥ ನಾರು. ಹಿಂದೊಮ್ಮೆ ಒಬ್ಬ ಮಂತ್ರಿಯ ತಲೆ ಕಡಿದು ಅದರಲ್ಲಿ ಖರ್ಜೂರದ ಬೀಜ ನೆಟ್ಟಾಗ ಈ ಮರ ಹುಟ್ಟಿತೆಂಬ ಕಥೆಯನ್ನೂ ಹೇಳಿ, ಇದು ಸುಳ್ಳು ಕಥೆ ಎಂದು ತಾನೇ ಷರಾ ಬರೆಯುತ್ತಾನೆ. ತೆಂಗಿನ ನಾರಿನ ಹಗ್ಗದಿಂದ ಹಡಗಿನ ಹಲಗೆಗಳನ್ನು ಹೊಲಿಯುವುದನ್ನು ಅವನು ಕಂಡಿದ್ದ. ನಮ್ಮ ಕರಾವಳಿಯ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆಂದೇ 13 ಶಾಲೆಗಳಿದ್ದುದನ್ನು ಎಣಿಸಿ ಬರೆದವನೂ ಅವನೇ. ಆದರೆ ಅವನು ಘಟ್ಟ ಹತ್ತಿ ನಮ್ಮ ಕಡೆಗೆ ಬರಲಿಲ್ಲ. ಬಯಲುಸೀಮೆಯ ತೆಂಗನ್ನು ಹೀಗೆ ವಿವರವಾಗಿ ದಾಖಲಿಸುವ ಕೆಲಸ ಬುಕಾನನ್ ಪಾಲಿಗೆ ಬಂತು.

ಬುಕಾನನ್ ಬಂದದ್ದು ಸುಮ್ಮನೆ ಊರು ನೋಡಲಿಕ್ಕಲ್ಲ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಹುತಾತ್ಮನಾದ. ಗೆದ್ದ ರಾಜ್ಯದಲ್ಲಿ ಏನಿದೆ, ಏನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ ಎಂದು ಕಂಪನಿ ಸರ್ಕಾರಕ್ಕೆ ತಿಳಿಯಬೇಕಿತ್ತು. 1800ರ ಫೆಬ್ರವರಿಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಆದೇಶ ಕೊಟ್ಟ. ಮೊದಲು ಬೇಸಾಯ, ಆಮೇಲೆ ದನಕರು, ಹತ್ತಿ, ಮೆಣಸು, ಗಂಧ, ಗಣಿ, ನೇಯ್ಗೆ, ಜನರ ಸ್ಥಿತಿಗತಿ ಎಲ್ಲವನ್ನೂ ವಿಚಾರಿಸಿ ಬರೆಯಬೇಕು. ಏಪ್ರಿಲ್‌ನಲ್ಲಿ ಮದರಾಸು ಬಿಟ್ಟವನು ಮುಂದಿನ ವರ್ಷದವರೆಗೆ ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿದ. ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅವನಿಗೆ ಕನ್ನಡ ಬಾರದು. ದ್ವಿಭಾಷಿಯ ಮೂಲಕವೇ ಎಲ್ಲ. ಊರಿನ ಹೆಸರುಗಳು ಅವನ ಕೈಯಲ್ಲಿ ಪಡುವ ಪಾಡು ನೋಡಬೇಕು. ‘ಹಳ್ಳಿ’ ಎಲ್ಲೆಲ್ಲೂ ‘ಹುಲ್ಲಿ’ಯಾಗಿದೆ, ‘ಕೆರೆ’ ‘ಕರೈ’ ಆಗಿದೆ. ಆದರೂ ಒಂದು ಗುಣ ಮೆಚ್ಚಬೇಕು. ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಬಳಿ ತಾಳೆ ನೋಡುತ್ತಾನೆ. ಶಾನುಭೋಗ ಹೇಳಿದ್ದನ್ನು ರೈತನನ್ನು ಕೇಳುತ್ತಾನೆ. ಹೊಂದದಿದ್ದರೆ ಹೊಂದುತ್ತಿಲ್ಲ ಎಂದೇ ಬರೆಯುತ್ತಾನೆ.

1800ರ ಆಗಸ್ಟ್‌ನಲ್ಲಿ ಅವನು ಶಿರಾದಲ್ಲಿದ್ದ. 1687ರಿಂದ 1757ರವರೆಗೆ ಮೊಘಲರ ಕರ್ನಾಟಕ ಸುಬಾದ ರಾಜಧಾನಿಯಾಗಿದ್ದ ಊರದು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ 50,000 ಮನೆಗಳಿದ್ದವೆಂದು ಊರಿನವರು ಹೇಳುತ್ತಿದ್ದರಂತೆ. ಗತವೈಭವದ ಲೆಕ್ಕ ಯಾವಾಗಲೂ ಸ್ವಲ್ಪ ದೊಡ್ಡದೇ ಇರುತ್ತದೆನ್ನಿ. ಟಿಪ್ಪು 12,000 ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಸಾಗಿಸಿದನೆಂಬ ಮಾತೂ ಗೆಜೆಟಿಯರ್‌ಗಳಲ್ಲಿ ಬಂದಿದೆ. ಟಿಪ್ಪುವನ್ನು ಮೆಚ್ಚುವ ನಾವು ಈ ಸಾಲನ್ನು ದಾಟಿ ಹೋಗುವುದು ಸರಿಯಲ್ಲ. ಒಂದು ಹೊಸ ಪೇಟೆ ಏಳಲು ಹಳೆಯ ಪೇಟೆಯೊಂದು ಬರಿದಾಯಿತು, ಬರಿದಾದದ್ದು ಮುಸಲ್ಮಾನರ ಹಳೆಯ ರಾಜಧಾನಿಯೇ.

ಶಿರಾದಿಂದ ದಕ್ಷಿಣಕ್ಕೆ ತಿರುಗಿ ಅವನು ಚಿಕ್ಕನಾಯಕನಹಳ್ಳಿಗೆ ಬಂದ. ಹಾಗಲವಾಡಿ ಪಾಳೆಯಗಾರರು ಕಟ್ಟಿದ ಊರು. ಚೌಕಾಕಾರದ ದೊಡ್ಡ ಊರು, ಸುತ್ತ ಮಣ್ಣಿನ ಕೋಟೆ, ಮೂಲೆಗಳಲ್ಲಿ ಕೊತ್ತಲ, ನಡುವೆ ಇನ್ನೊಂದು ಒಳಕೋಟೆ. ಎರಡು ಗೋಡೆಗಳ ನಡುವೆ ಊರನ್ನು ಸುತ್ತುವ ಅಗಲವಾದ ಬೀದಿ, ಅದರ ಎರಡೂ ಮಗ್ಗುಲಿಗೆ ಚಿಕ್ಕ ಓಣಿಗಳು. ಮನೆಗಳು ಪಾಳುಬಿದ್ದಿದ್ದವು, ಊರು ಹಿಡಿಸುವಷ್ಟು ಜನ ಉಳಿದಿರಲಿಲ್ಲ. ಇದ್ದವರಲ್ಲಿ ನೇಕಾರರು ಒರಟು ಹತ್ತಿಬಟ್ಟೆ ನೇಯುತ್ತಿದ್ದರು. ಅನೇಕರು ಹೇರಿನವರು. ವರ್ತಕರ ಸರಕನ್ನು ಎತ್ತಿನ ಮೇಲೆ ಹೇರಿಕೊಂಡು ಒಂದು ಕಡೆ ಮಲೆನಾಡಿನ ನಗರ, ಇನ್ನೊಂದು ಕಡೆ ಆರ್ಕಾಟಿನ ವಾಲಾಜಾಪೇಟೆಯವರೆಗೆ ಓಡಾಡುತ್ತಿದ್ದರು. ರೈಲು, ಲಾರಿ ಇಲ್ಲದ ಕಾಲದಲ್ಲಿ ತೆಂಗಿನ ಸೀಮೆಯ ಜನ ಘಟ್ಟದ ಅಂಚಿನಿಂದ ತಮಿಳು ನಾಡಿನವರೆಗಿನ ಹಾದಿ ಬಲ್ಲವರಾಗಿದ್ದರು. ನಮ್ಮ ಹಳ್ಳಿಗಳು ತಮ್ಮಷ್ಟಕ್ಕೆ ತಾವೇ ಕೂತಿದ್ದವು, ಲೋಕದ ಗೊಡವೆ ಅವಕ್ಕಿರಲಿಲ್ಲ ಎಂದು ಬರೆಯುವವರು ಈ ಹೇರೆತ್ತುಗಳನ್ನು ಮರೆತಿರುತ್ತಾರೆ.

ಬುಕಾನನ್ ಹೆಚ್ಚು ಹೊತ್ತು ನಿಂತದ್ದು ತೋಟಗಳಲ್ಲಿ. ಇಲ್ಲಿ ತೆಂಗನ್ನು ಅಡಿಕೆ ತೋಟದ ಸುತ್ತ ಸಾಲಾಗಿ ಹಾಕುತ್ತಾರೆ, ಅಡಿಕೆಗೆ ಒಗ್ಗದ ಜಾಗದಲ್ಲಿ ಬೇರೆಯಾಗಿಯೂ ಹಾಕುತ್ತಾರೆ ಎಂದು ಬರೆದ. ಮರಳು ಬೆರೆತ ಕೆಂಪು ಜೇಡಿ ಉತ್ತಮ, ಸುಣ್ಣ ಅಥವಾ ಉಪ್ಪಿನಂಶ ಇರಬಾರದು, ಕಪ್ಪು ಮಣ್ಣು ಆಗದು ಎಂದು ರೈತರು ಹೇಳಿದರು. ಬೀಜದ ಕಾಯಿಯನ್ನು ಚಳಿಗಾಲದ ಕೊನೆಗೆ ಕೊಯ್ದು, ಹದಿನೈದು ದಿನ ಬಿಟ್ಟು, ಒಂದು ಮೊಳ ಆಳದ ಚೌಕ ಗುಂಡಿಯಲ್ಲಿ ಕಣ್ಣು ಮೇಲಾಗಿ ಒತ್ತೊತ್ತಾಗಿ ಜೋಡಿಸಬೇಕು. ಮೇಲೆ ಮುಚ್ಚುವಷ್ಟೇ ಮಣ್ಣು, ಅದರ ಮೇಲೆ ಸ್ವಲ್ಪ ಗೊಬ್ಬರ. ದಿನ ಬಿಟ್ಟು ದಿನ ಆರು ತಿಂಗಳು ಮಡಕೆಯಲ್ಲಿ ನೀರು ಹೊಯ್ಯಬೇಕು. ಆಮೇಲೆ ಸಸಿ ಕೀಳಲು ಸಿದ್ಧ. ಅಷ್ಟರಲ್ಲಿ ಮುಂಗಾರಿಗೆ ಮುಂಚಿನ ಮಳೆ ನೋಡಿಕೊಂಡು ತೋಟದ ನೆಲವನ್ನು ಐದು ಸಲ ಉತ್ತಿರಬೇಕು. ಇಷ್ಟನ್ನೂ ಹೇಳಿದ ರೈತನ ಹೆಸರನ್ನು ಬುಕಾನನ್ ಬರೆಯಲಿಲ್ಲ. ಆದರೆ ಮಾತು ಮಾತ್ರ ಆ ರೈತನದೇ. ಇಂಗ್ಲಿಷಿನ ಅಡಿಯಲ್ಲಿ ತಿಪಟೂರು ಸೀಮೆಯ ಕನ್ನಡ ಕೇಳಿಸುತ್ತದೆ.

ಅದೇ ಪುಟಗಳಲ್ಲಿ ಇನ್ನೊಂದು ಮಾತಿದೆ. ತೆಂಗಿನ ತೋಟಕ್ಕೆ ಕೆರೆಯ ಕೆಳಗಿನ ಜಾಗವೇ ಆಗಬೇಕೆಂದಿಲ್ಲ, ಎರಡಾಳುದ್ದ ಅಗೆದರೆ ನೀರು ಸಿಗುವ ಯಾವ ತಗ್ಗಾದರೂ ಸರಿ ಎಂದು ರೈತರು ಹೇಳಿದರು. ಎರಡಾಳುದ್ದ ಎಂದರೆ ಹನ್ನೊಂದು ಹನ್ನೆರಡು ಅಡಿ. ಇಂದು ಹೊನ್ನವಳ್ಳಿ ಹೋಬಳಿಯ ಯಾವ ತೋಟದವರನ್ನಾದರೂ ಬೋರ್‌ವೆಲ್ ಎಷ್ಟು ಅಡಿಗೆ ಇಳಿಯಿತೆಂದು ಕೇಳಿ. ನೂರರ ಲೆಕ್ಕದಲ್ಲಿ ಉತ್ತರ ಬರುತ್ತದೆ. ಏತ ನೀರಾವರಿಯಲ್ಲಿ ಹೇಮಾವತಿ ನೀರು ತಂದು ಕೆರೆ ತುಂಬಿಸುವ ಯೋಜನೆಯ ಹಿಂದಿರುವ ಆತಂಕ ಇದೇ. ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಈ ನೆಲದಲ್ಲಿ ಆದ ಬದಲಾವಣೆಯನ್ನು ಅಳೆಯಲು ಬೇರೆ ಮಾಪನ ಬೇಡ.

ಊರುಗಳು ಏಕೆ ಪಾಳುಬಿದ್ದಿದ್ದವು? ಟಿಪ್ಪುವಿನ ದಬ್ಬಾಳಿಕೆಯಿಂದ ಎಂಬ ಉತ್ತರ ಬರೆಯುವುದು ಕಂಪನಿಯ ನೌಕರನಾದ ಬುಕಾನನ್‌ಗೆ ಅನುಕೂಲವಾಗಿತ್ತು, ಎಷ್ಟೋ ಕಡೆ ಹಾಗೆ ಬರೆದೂ ಇದ್ದಾನೆ. ಆದರೆ ಈ ಸೀಮೆಯಲ್ಲಿ ಜನ ಅವನಿಗೆ ಹೇಳಿದ ಹೆಸರು ಬೇರೆ: ಪರಶುರಾಮ ಭಾವು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಬಂದ ಅವನ ಮರಾಠ ಸೇನೆ ದಾರಿಯುದ್ದಕ್ಕೂ ಕೊಳ್ಳೆ ಹೊಡೆಯಿತು. ಚಿಕ್ಕನಾಯಕನಹಳ್ಳಿ ಸೂರೆಹೋಯಿತು. ತುರುವೇಕೆರೆಗೆ ನೆರೆಯಾದ ನಾಗಮಂಗಲ 1792ರಲ್ಲಿ ಹಾಳಾದಾಗ 1,50,000 ಮರಗಳು ನಾಶವಾದವೆನ್ನುತ್ತಾರೆ ಎಂದು ಹಳೆಯ ಗೆಜೆಟಿಯರ್ ಬರೆಯುತ್ತದೆ. ಕಲ್ಪವೃಕ್ಷವೆಂದು ಪೂಜಿಸುವ ನಾಡಿನಲ್ಲಿ ಮರಗಳಿಗೆ ಈ ಗತಿ ತಂದವರು ಅದೇ ಧರ್ಮದವರು. ಶೃಂಗೇರಿ ಮಠ ಲೂಟಿಯಾದದ್ದೂ ಇದೇ ದಂಡಯಾತ್ರೆಯಲ್ಲಿ, 1791ರಲ್ಲಿ. ಆಗ ಮಠಕ್ಕೆ ನೆರವು ಕಳಿಸಿದವನು ಟಿಪ್ಪು.

ಇದನ್ನು ಹೇಳುವುದು ‘ಅವರ’ ಲೆಕ್ಕಕ್ಕೆ ಒಂದು ಪಾಪ ಬರೆಯುವ ಉತ್ಸಾಹದಿಂದಲ್ಲ. ಕಾರ್ನ್‌ವಾಲಿಸನ ಸೈನ್ಯಕ್ಕೆ ಮೇವು, ಕಾಳು ಸಿಗಬಾರದೆಂದು ಟಿಪ್ಪುವೂ ತನ್ನದೇ ರಾಜ್ಯದ ಹೊಲಗಳನ್ನು ಸುಡಿಸಿದ್ದ. ಹಜರತ್ ಅಬೂಬಕರ್ ಸಿರಿಯಾಕ್ಕೆ ಸೈನ್ಯ ಕಳಿಸುವಾಗ ಫಲ ಬಿಡುವ ಮರ ಕಡಿಯಬೇಡಿ, ಜನವಸತಿ ಹಾಳುಮಾಡಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದು ನಮ್ಮ ಮನೆಮನೆಯಲ್ಲೂ ಗೊತ್ತಿರುವ ಸಂಗತಿ. ಹದಿನೆಂಟನೆಯ ಶತಮಾನದ ದಕ್ಷಿಣದಲ್ಲಿ ಆ ಅಪ್ಪಣೆಯನ್ನು ಯಾರೂ ಪಾಲಿಸಲಿಲ್ಲ. ತೆಂಗಿನ ಸಸಿ ಫಲಕ್ಕೆ ಬರಲು ಎಷ್ಟೋ ವರ್ಷ ಬೇಕು. ಒಂದು ಮಧ್ಯಾಹ್ನದ ಕೊಡಲಿ ಒಂದು ತಲೆಮಾರಿನ ಅನ್ನ ಕಡಿಯುತ್ತಿತ್ತು. ಮಣ್ಣಿನ ಕೋಟೆಯೊಳಗೆ ನಿಂತು ಎದುರಿಸಿದವರೂ ಇದ್ದರು. ಮೂಗನಾಯಕನಕೋಟೆಯ ಹಳ್ಳಿಗರು ಮರಾಠ ಸೇನೆಯನ್ನು ಒಳಗೆ ಬಿಡದೆ ತಡೆದ ಕಥೆಯನ್ನು ಬುಕಾನನ್ ಮೆಚ್ಚಿ ದಾಖಲಿಸಿದ. ಅವರು ಯಾವ ಜಾತಿ, ಯಾವ ಮತ ಎಂದು ಆ ಹೊತ್ತಿನಲ್ಲಿ ಯಾರು ಕೇಳಿಯಾರು?

ಮುಸ್ಲಿಂ ಓದುಗರು ಗಮನಿಸಬೇಕಾದ ಒಂದು ಸಣ್ಣ ಟಿಪ್ಪಣಿ ಈ ಪ್ರವಾಸದಲ್ಲಿದೆ. ಸೇನೆ ಚದುರಿದ ಮೇಲೆ ಟಿಪ್ಪುವಿನ ಸಿಪಾಯಿಗಳು ಏನಾದರು? ಕೈಯಲ್ಲಿ ಅಷ್ಟಿಷ್ಟು ಇದ್ದವರು ದವಸಧಾನ್ಯದ ಚಿಲ್ಲರೆ ವ್ಯಾಪಾರಕ್ಕಿಳಿದರು. ಏನೂ ಇಲ್ಲದವರು ರೈತರ ಹೊಲದಲ್ಲಿ ಕೂಲಿಗೆ, ಜೀತಕ್ಕೆ ನಿಂತರು. ಬೇಸಾಯ ಬಾರದ್ದರಿಂದ ಬೇರೆ ಆಳು ಸಿಗದಾಗ ಮಾತ್ರ ಅವರಿಗೆ ಕೆಲಸ, ಕೂಲಿಯೂ ಕಡಿಮೆ. ಆದರೂ ತಮ್ಮ ಸುಲ್ತಾನನನ್ನು ಕೊಂದವರ ಜೊತೆ ಕಂಪನಿಯ ಪಟಾಲಮಿಗೆ ಸೇರುವುದಕ್ಕಿಂತ ಇದೇ ಮೇಲೆಂದು ಅವರು ಭಾವಿಸಿದ್ದರೆಂದು ಬುಕಾನನ್ ಬರೆದಿದ್ದಾನೆ. ಕಂಪನಿಯ ಸಂಬಳ ತಿನ್ನುವವನೇ ಬರೆದ ಮಾತಾದ್ದರಿಂದ ಇದಕ್ಕೆ ತೂಕ ಹೆಚ್ಚು. ಟಿಪ್ಪುವಿನ ಬಗ್ಗೆ ಜಗಳವಾದಾಗಲೆಲ್ಲ ಎರಡೂ ಕಡೆಯವರು ಬುಕಾನನ್ ಪುಸ್ತಕದಿಂದ ತಮಗೆ ಬೇಕಾದ ಸಾಲು ಕಿತ್ತುಕೊಳ್ಳುತ್ತಾರೆ. ಈ ಬಡ ಸಿಪಾಯಿಗಳ ಸಾಲು ಯಾರ ಭಾಷಣದಲ್ಲೂ ಬರುವುದಿಲ್ಲ. ಹಳ್ಳಿಹಳ್ಳಿಗಳಲ್ಲಿ ನೆಲೆಸಿ, ಕನ್ನಡ ಕಲಿತು, ಸಂತೆಯಲ್ಲಿ ತಕ್ಕಡಿ ಹಿಡಿದ ನಮ್ಮ ಎಷ್ಟೋ ಕುಟುಂಬಗಳ ಇತಿಹಾಸದ ಆರಂಭ ಇಂಥ ಕಡೆ ಇದ್ದೀತು.

ಇನ್ನು ಅವನ ಕಣ್ಣಿಗೆ ಬೀಳದ್ದು. ಹೆಂಗಸರ ಮಾತು ಅವನ ಪುಸ್ತಕದಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಅವನು ಮಾತಾಡಿಸಿದವರೆಲ್ಲ ಗಂಡಸರು. ಮಣ್ಣು, ಅಳತೆ, ಕಂದಾಯ ಕೇಳುವವನಿಗೆ ಒಲೆಯ ಮುಂದೆ ಏನು ನಡೆಯುತ್ತದೆಂದು ಹೇಗೆ ತಿಳಿಯಬೇಕು? ಶಿಲ್ಪದ ಬಗ್ಗೆಯೂ ಅವನಿಗೆ ಅಂಥ ಆಸಕ್ತಿಯಿಲ್ಲ. ತುರುವೇಕೆರೆಯ ಹೊಯ್ಸಳ ಗುಡಿಗಳು ಇಂದು ದೂರದ ಜನರನ್ನು ಕರೆಯುತ್ತವೆ. ಅದೇ ತುರುವೇಕೆರೆಯ ಬಳಿಯ ಕರೆಕಲ್ಲು ಗುಡ್ಡದ ಕಪ್ಪು ಕಲ್ಲು ಶ್ರೀರಂಗಪಟ್ಟಣಕ್ಕೆ ಹೋಗಿ, ಹೈದರ್, ಟಿಪ್ಪು ಮಲಗಿರುವ ಗುಂಬಜ್‌ನ ಹೊಳೆಯುವ ಕಂಬಗಳಾದವು. ಉರುಸಿಗೆ ಹೋಗಿ ಆ ಕಂಬಕ್ಕೆ ಕೈಯಿಟ್ಟು ನಿಲ್ಲುವ ತೆಂಗಿನ ಸೀಮೆಯವರಲ್ಲಿ ಎಷ್ಟು ಮಂದಿಗೆ ಆ ಕಲ್ಲು ತಮ್ಮೂರಿನದೆಂದು ಗೊತ್ತು?

ಬುಕಾನನ್ ತುರುವೇಕೆರೆಯ ಮೇಲೆ ನಾಗಮಂಗಲ, ಮೇಲುಕೋಟೆ ಹಾದು ಶ್ರೀರಂಗಪಟ್ಟಣ ಸೇರಿದ. ಅವನು ಹೋದ ಮೇಲೆ ಈ ಸೀಮೆಯ ಗುರುತ್ವ ಬೇರೆ ಕಡೆಗೆ ಸರಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ತಾಲ್ಲೂಕಿನ ಕಸಬಾ ಹೊನ್ನವಳ್ಳಿ. ತಾಲ್ಲೂಕಿನ ಹೆಸರೂ ಅದೇ. 1884ರಲ್ಲಿ ಬೆಂಗಳೂರಿನಿಂದ ಗುಬ್ಬಿಯವರೆಗೆ ರೈಲು ಬಂತು, 1889ಕ್ಕೆ ಹರಿಹರ ಮುಟ್ಟಿತು. ದಾರಿಯ ಮೇಲಿದ್ದದ್ದು ತಿಪಟೂರು. ಕಚೇರಿ ಅಲ್ಲಿಗೆ ಹೋಯಿತು, ಮಂಡಿ ಅಲ್ಲಿ ಬೆಳೆಯಿತು, ಹೆಸರೂ ಅಲ್ಲಿಗೇ ಸೇರಿತು. ಹೊನ್ನವಳ್ಳಿಗೆ ಉಳಿದದ್ದು ಹೋಬಳಿಯ ಪಟ್ಟ, ಜೊತೆಗೆ ‘ಗಂಗಾಪಾನಿ’ ಎಂಬ ತೆಂಗಿನ ಖ್ಯಾತಿ. ನೀರಿನ ನವಿರಾದ ರುಚಿಗೆ ಹೆಸರಾದ ತಳಿಯದು. ಆ ಹೆಸರಿನ ಅರ್ಧ ನದಿಯದು, ಇನ್ನರ್ಧ ಹಿಂದಿ-ಉರ್ದುವಿನದು. ಇಟ್ಟವರು ಯಾರೋ, ನಾಲಿಗೆ ಮಾತ್ರ ಚೆನ್ನಾಗಿತ್ತು.

ಮಂಡಿಯ ಸರಕೂ ಬದಲಾಯಿತು. ಈ ಸೀಮೆ ಈಗ ಬದುಕುವುದು ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯನ್ನು ಒಡೆಯದೆ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಎಂಟು ತಿಂಗಳೋ ವರ್ಷವೋ ಕಳೆದು ಒಳಗಿನ ನೀರು ತಾನಾಗಿ ಇಂಗಿ, ಗಿಟುಕು ಕರಟದಿಂದ ಬಿಡಿಸಿಕೊಂಡು ಒಳಗೇ ಅಲುಗಾಡತೊಡಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಹದ ಗೊತ್ತಾಗುತ್ತದೆ. ವರ್ಷದ ದುಡಿಮೆಯೆಲ್ಲ ತಲೆಯ ಮೇಲೆ ಅಟ್ಟದಲ್ಲಿ, ಬೆಲೆ ಮಾತ್ರ ತಿಪಟೂರಿನ ಹರಾಜಿನಲ್ಲಿ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಇಳಿದು ರೈತರು ಬೀದಿಗೆ ಬಂದರು. ಆಮೇಲೆ ದರ ಏರಿದಾಗ ಎಷ್ಟೋ ಅಟ್ಟಗಳು ಖಾಲಿಯಾಗಿದ್ದವು. ಬುಕಾನನ್ ಇದ್ದಿದ್ದರೆ ಮೊದಲು ಮಾರಿದವನನ್ನೂ ಇಟ್ಟುಕೊಂಡವನನ್ನೂ ಬೇರೆ ಬೇರೆಯಾಗಿ ಕರೆದು ಕೇಳಿ, ಇಬ್ಬರ ಲೆಕ್ಕವನ್ನೂ ತಾಳೆ ನೋಡಿ ಬರೆದುಕೊಳ್ಳುತ್ತಿದ್ದ.